ಮೈದಾನದಲ್ಲೊಂದು ಮೊರೆ

2025ರ ಅಕ್ಟೋಬರ್ 30ರ ರಾತ್ರಿ. ನವಿ ಮುಂಬಯಿಯ ಡಿ.ವೈ. ಪಾಟೀಲ್ ಕ್ರೀಡಾಂಗಣ ಕಿಕ್ಕಿರಿದು ತುಂಬಿತ್ತು. ಮಹಿಳೆಯರ ವಿಶ್ವಕಪ್ ಕ್ರಿಕೆಟ್‌ನ ಸೆಮಿಫೈನಲ್. ಎದುರಾಳಿ ಆ ಕೂಟದಲ್ಲಿ ಒಂದೂ ಪಂದ್ಯ ಸೋಲದ ಆಸ್ಟ್ರೇಲಿಯಾ. ಅವರು ಮುಂದಿಟ್ಟಿದ್ದ ಗುರಿ 339. ಮಹಿಳೆಯರ ಏಕದಿನ ಕ್ರಿಕೆಟ್‌ನಲ್ಲಿ ಅಷ್ಟು ದೊಡ್ಡ ಮೊತ್ತವನ್ನು ಬೆನ್ನಟ್ಟಿ ಅದುವರೆಗೆ ಯಾರೂ ಗೆದ್ದಿರಲಿಲ್ಲ.

ಒಂಬತ್ತು ಎಸೆತ ಬಾಕಿ ಇರುವಾಗಲೇ ಭಾರತ ಗೆದ್ದಿತು. ಗೆಲ್ಲಿಸಿದವರು 134 ಎಸೆತಗಳಲ್ಲಿ 127 ರನ್ ಗಳಿಸಿ ಅಜೇಯರಾಗಿ ಉಳಿದ ಜೆಮಿಮಾ ರೋಡ್ರಿಗಸ್. ಹುಟ್ಟಿ ಬೆಳೆದದ್ದು ಮುಂಬಯಿಯಲ್ಲಾದರೂ ಅವರದು ಮಂಗಳೂರು ಮೂಲದ ಕ್ರೈಸ್ತ ಕುಟುಂಬ. ಅರ್ಧ ಶತಕ ಬಂದಾಗ ಅವರು ಬ್ಯಾಟು ಎತ್ತಿ ಸಂಭ್ರಮಿಸಲಿಲ್ಲ. ಶತಕ ಬಂದಾಗಲೂ ಇಲ್ಲ. ಗೆಲುವಿನ ಓಟ ಮುಗಿದ ಮೇಲೆ ಮಾತ್ರ ಕಟ್ಟೆಯೊಡೆದು ಅತ್ತರು.

ಪಂದ್ಯದ ನಂತರ ಮೈಕಿನ ಮುಂದೆ ನಿಂತು ಅವರು ಮೊದಲು ಕೃತಜ್ಞತೆ ಹೇಳಿದ್ದು ಯೇಸುವಿಗೆ. ಇದು ತನ್ನೊಬ್ಬಳಿಂದ ಆಗುವ ಕೆಲಸವಾಗಿರಲಿಲ್ಲ ಎಂದರು. ಆಮೇಲೆ ತಾಯಿ, ತಂದೆ, ಕೋಚ್, ತನ್ನ ಮೇಲೆ ನಂಬಿಕೆಯಿಟ್ಟ ಎಲ್ಲರಿಗೂ ವಂದಿಸಿದರು. ಅನಂತರ ಹೇಳಿದ ಮಾತು ದೇಶದ ಕ್ರೀಡಾಪ್ರಿಯರನ್ನು ಒಂದು ಕ್ಷಣ ಸುಮ್ಮನಾಗಿಸಿತು. ಈ ಕೂಟದ ಉದ್ದಕ್ಕೂ ತಾನು ಹೆಚ್ಚುಕಡಿಮೆ ದಿನವೂ ಅತ್ತಿದ್ದೇನೆ, ಆತಂಕದಿಂದ ಬಳಲಿದ್ದೇನೆ ಎಂದು ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು.

ಅಳಲು ಕಾರಣವೂ ಇತ್ತು. ಅದೇ ಕೂಟದಲ್ಲಿ ಶ್ರೀಲಂಕಾ ಮತ್ತು ದಕ್ಷಿಣ ಆಫ್ರಿಕಾ ವಿರುದ್ಧ ಅವರು ಸೊನ್ನೆಗೆ ಔಟಾಗಿದ್ದರು. ಇಂಗ್ಲೆಂಡ್ ವಿರುದ್ಧದ ಪಂದ್ಯಕ್ಕೆ ಹನ್ನೊಂದರ ಬಳಗದಿಂದಲೇ ಅವರನ್ನು ಕೈಬಿಡಲಾಯಿತು. 2022ರ ವಿಶ್ವಕಪ್ ತಂಡದಲ್ಲೂ ಅವರಿಗೆ ಜಾಗ ಸಿಕ್ಕಿರಲಿಲ್ಲ. ಹೀಗೆ ಎರಡು ಸಲ ಬಾಗಿಲು ಮುಚ್ಚಿಸಿಕೊಂಡ ಹುಡುಗಿ ಸೆಮಿಫೈನಲ್‌ನಲ್ಲಿ ಮೂರನೇ ಕ್ರಮಾಂಕದಲ್ಲಿ ಆಡಬೇಕೆಂಬುದು ಆಕೆಗೆ ತಿಳಿದದ್ದು ಅಂಗಳಕ್ಕಿಳಿಯುವ ಐದು ನಿಮಿಷ ಮೊದಲು!

ದಣಿದು ಕಾಲೆಳೆಯುತ್ತಿದ್ದ ಕೊನೆಯ ಹಂತದಲ್ಲಿ ಬೈಬಲಿನ ಒಂದು ಮಾತನ್ನು ತನಗೆ ತಾನೇ ಹೇಳಿಕೊಳ್ಳುತ್ತಿದ್ದೆ ಎಂದು ಅವರು ನೆನೆದರು. ಮುಂದೆ ಸಮುದ್ರ, ಹಿಂದೆ ಈಜಿಪ್ಟಿನ ಸೇನೆ, ಮಧ್ಯೆ ಸಿಕ್ಕಿಬಿದ್ದ ಜನರಿಗೆ ಮೋಶೆ ಧೈರ್ಯ ತುಂಬುವ ಸಂದರ್ಭದ ಮಾತು ಅದು. ನೀವು ಎದೆಗುಂದದೆ ನಿಂತರೆ ಸಾಕು, ಉಳಿದದ್ದನ್ನು ದೇವರು ನೋಡಿಕೊಳ್ಳುತ್ತಾನೆ ಎಂಬುದು ಅದರ ತಾತ್ಪರ್ಯ.

ಗಮನಿಸಬೇಕಾದ ಸಂಗತಿ ಇಲ್ಲೇ ಇದೆ. ದೇವರು ನೋಡಿಕೊಳ್ಳುತ್ತಾನೆಂದು ಜೆಮಿಮಾ ಬ್ಯಾಟು ಕೆಳಗಿಡಲಿಲ್ಲ. ನೂರಕ್ಕೂ ಮಿಕ್ಕಿ ಎಸೆತಗಳನ್ನು ಎದುರಿಸಿದರು, ಸೆಕೆಯಲ್ಲಿ ಬೆವರಿ ತೊಪ್ಪೆಯಾಗುವಷ್ಟು ಓಡಿದರು. ನಂಬಿಕೆ ಅವರ ಬದಲಿಗೆ ಆಡಲಿಲ್ಲ. ಆಡುವವಳನ್ನು ಕುಸಿಯದಂತೆ ಹಿಡಿದು ನಿಲ್ಲಿಸಿತು, ಅಷ್ಟೇ. ಆ 'ಅಷ್ಟೇ' ಎಂಬುದು ಎಷ್ಟು ದೊಡ್ಡದೆಂದು ಆಟ ಆಡಿದವರಿಗೆ ಮಾತ್ರ ಗೊತ್ತು.

ಗುಡ್ಡದ ಮೇಲೆ ಶಾಲೆ, ಪಕ್ಕದಲ್ಲಿ ಮೈದಾನ

ಕ್ರೈಸ್ತ ಧರ್ಮಕ್ಕೂ ಕ್ರೀಡೆಗೂ ಇರುವ ನಂಟು ಇಂದು ನಿನ್ನೆಯದಲ್ಲ. ಸಂತ ಪೌಲ ಕೊರಿಂಥದ ಜನರಿಗೆ ಪತ್ರ ಬರೆಯುವಾಗ ನಂಬಿಕೆಯ ಬದುಕನ್ನು ಓಟದ ಪಂದ್ಯಕ್ಕೆ ಹೋಲಿಸಿದ. ಕೊರಿಂಥದ ಸಮೀಪದಲ್ಲೇ ಇಸ್ತಮಿಯನ್ ಕ್ರೀಡಾಕೂಟ ನಡೆಯುತ್ತಿತ್ತು. ಗೆದ್ದವರಿಗೆ ಸಿಗುತ್ತಿದ್ದುದು ಎಲೆಗಳ ಕಿರೀಟ, ನಾಲ್ಕು ದಿನದಲ್ಲಿ ಬಾಡುವಂಥದು. ಅದಕ್ಕಾಗಿಯೇ ಕ್ರೀಡಾಳು ಇಷ್ಟು ಕಟ್ಟುನಿಟ್ಟಾಗಿರುವಾಗ, ಬಾಡದ ಕಿರೀಟಕ್ಕಾಗಿ ಮನುಷ್ಯ ಎಷ್ಟು ಶಿಸ್ತಿನಿಂದಿರಬೇಕು ಎಂಬುದು ಪೌಲನ ವಾದ.

ಮಂಗಳೂರಿನ ಮಟ್ಟಿಗೆ ಈ ನಂಟು ಬಂದದ್ದು ಶಾಲೆಗಳ ದಾರಿಯಾಗಿ. 1834ರಲ್ಲಿ ಬಾಸೆಲ್ ಮಿಷನ್ನಿನವರು ಇಲ್ಲಿಗೆ ಬಂದಿಳಿದರು. ಬಲ್ಮಠ ಅವರ ಕಾರ್ಯಕ್ಷೇತ್ರವಾಯಿತು. 1880ರಲ್ಲಿ ಜೆಸ್ವಿತ್ ಪಾದ್ರಿಗಳು ಸಂತ ಅಲೋಶಿಯಸ್ ಕಾಲೇಜನ್ನು ಸ್ಥಾಪಿಸಿದರು. 1921ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರು ಹೆಣ್ಣುಮಕ್ಕಳಿಗಾಗಿ ಸಂತ ಆಗ್ನೆಸ್ ಕಾಲೇಜು ತೆರೆದರು. ಹುಡುಗಿಯರು ಹೊಸಿಲು ದಾಟುವುದೇ ಸುದ್ದಿಯಾಗುತ್ತಿದ್ದ ಕಾಲ ಅದು. ಶಾಲೆಯೆಂದರೆ ಪಾಠದ ಕೋಣೆ ಮಾತ್ರವಲ್ಲ, ಅದರ ಜತೆಗೊಂದು ಮೈದಾನವೂ ಬೇಕು ಎಂಬ ಕಲ್ಪನೆ ಇಂಥ ಸಂಸ್ಥೆಗಳೊಂದಿಗೆ ಊರಿನಲ್ಲಿ ಬೇರುಬಿಟ್ಟಿತು. ಬುದ್ಧಿಯನ್ನಷ್ಟೇ ಅಲ್ಲ, ಇಡೀ ವ್ಯಕ್ತಿಯನ್ನು ಕಾಳಜಿಯಿಂದ ಬೆಳೆಸಬೇಕೆನ್ನುವುದು ಜೆಸ್ವಿತ್ ಶಿಕ್ಷಣದ ಮೂಲಮಂತ್ರ.

ಪ್ರತಿವರ್ಷ ಶಾಲಾ ಕ್ರೀಡಾಕೂಟದ ಉದ್ಘಾಟನೆಯಲ್ಲಿ ಅತಿಥಿಗಳ ಬಾಯಲ್ಲಿ ಬರುವ ಮಾತೊಂದಿದೆ: ಇನ್ನಷ್ಟು ವೇಗ, ಇನ್ನಷ್ಟು ಎತ್ತರ, ಇನ್ನಷ್ಟು ಬಲ. ಒಲಿಂಪಿಕ್ಸ್‌ನ ಈ ಧ್ಯೇಯವಾಕ್ಯದ ಮೂಲ ಹೆನ್ರಿ ದಿದೋಂ ಎಂಬ ಫ್ರೆಂಚ್ ಡೊಮಿನಿಕನ್ ಪಾದ್ರಿಯದೆಂಬುದು ಹೆಚ್ಚಿನ ಮಕ್ಕಳಿಗೆ ತಿಳಿಯದು. ಆತ ಪ್ಯಾರಿಸ್ ಸಮೀಪದ ಶಾಲೆಯೊಂದರ ಮುಖ್ಯಸ್ಥ. 1891ರಲ್ಲಿ ತನ್ನ ಶಾಲೆಯ ಹುಡುಗರ ಕ್ರೀಡಾಕೂಟದಲ್ಲಿ ಆತ ಆಡಿದ ಮಾತನ್ನು ಗೆಳೆಯ ಪಿಯರ್ ದ ಕೂಬರ್ತಾಂ ಒಲಿಂಪಿಕ್ಸ್‌ಗೆ ಎತ್ತಿಕೊಂಡ. 2021ರಲ್ಲಿ ಅದಕ್ಕೆ 'ಒಟ್ಟಾಗಿ' ಎಂಬ ಮಾತೂ ಸೇರಿಕೊಂಡಿತು.

ಬುಟ್ಟಿ ಕಟ್ಟಿದ ಮೇಷ್ಟ್ರು

ಅದೇ 1891ರ ಚಳಿಗಾಲ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಕೆನಡಾದ ಮೇಷ್ಟ್ರಿಗೆ ತುಂಟ ತರಗತಿಯೊಂದು ಗಂಟುಬಿತ್ತು. ಹೊರಗೆ ಹಿಮ, ಒಳಗೆ ಬೇಸತ್ತ ಯುವಕರು. ಎರಡು ವಾರದಲ್ಲಿ ಒಳಾಂಗಣದ ಹೊಸ ಆಟವೊಂದನ್ನು ಹುಡುಕು ಎಂದು ಮೇಲಿನವರ ಆಜ್ಞೆ. ನೈಸ್ಮಿತ್ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಕಟ್ಟಿಸಿ ಹದಿಮೂರು ನಿಯಮಗಳನ್ನು ಬರೆದ. ಬಾಸ್ಕೆಟ್‌ಬಾಲ್ ಹುಟ್ಟಿತು.

ನೈಸ್ಮಿತ್ ಪಾದ್ರಿಯಾಗಲೆಂದು ದೈವಶಾಸ್ತ್ರ ಓದಿದವ. ಆತನ ದಾರಿ ಬದಲಾಗಲು ಕಾರಣವಾದದ್ದು ಫುಟ್ಬಾಲ್ ಅಂಗಳದ ಒಂದು ಚಿಕ್ಕ ಘಟನೆ. ಸಿಟ್ಟಿನಲ್ಲಿ ಹೊಲಸು ಮಾತಾಡಿದ ಜತೆ ಆಟಗಾರನೊಬ್ಬ ತಟ್ಟನೆ ನೈಸ್ಮಿತ್‌ನತ್ತ ತಿರುಗಿ, ನೀನಿರುವುದು ಮರೆತುಹೋಯಿತೆಂದು ಕ್ಷಮೆ ಕೇಳಿದ. ನೈಸ್ಮಿತ್ ಅವನಿಗೆ ಎಂದೂ ಉಪದೇಶ ಮಾಡಿದವನಲ್ಲ. ಬರಿಯ ಇರವಿನಿಂದಲೇ ಇನ್ನೊಬ್ಬನ ನಾಲಗೆ ತಿದ್ದುವುದಾದರೆ, ವೇದಿಕೆಯಿಂದ ಮಾಡುವ ಸೇವೆಯನ್ನು ಅಂಗಳದಲ್ಲಿಯೂ ಮಾಡಬಹುದಲ್ಲ ಎಂದು ಆತನಿಗೆ ಹೊಳೆಯಿತು. ಚೆಂಡು ಹಿಡಿದು ಓಡುವಂತಿಲ್ಲ, ಎದುರಾಳಿಯನ್ನು ದೂಡುವಂತಿಲ್ಲ ಎಂಬ ಬಾಸ್ಕೆಟ್‌ಬಾಲ್‌ನ ನಿಯಮಗಳ ಹಿಂದೆಯೂ ಒರಟುತನವನ್ನು ತಗ್ಗಿಸುವ ಇದೇ ಆಸೆ ಇತ್ತು.

ಕರಾವಳಿಯ ಊರೂರುಗಳಲ್ಲಿ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟಗಳಿಗೆ ಸೇರುವ ಜನಸಾಗರ ನೋಡಿದವರಿಗೆ, ಆ ಆಟವೂ ವೈಎಂಸಿಎಯ ಕೂಸೆಂದರೆ ಅಚ್ಚರಿಯಾದೀತು. 1895ರಲ್ಲಿ ಹೋಲಿಯೋಕ್‌ನ ವೈಎಂಸಿಎಯಲ್ಲಿ ವಿಲಿಯಂ ಮಾರ್ಗನ್ ಅದನ್ನು ರೂಪಿಸಿದ. ನಮ್ಮ ಹೆಣ್ಣುಮಕ್ಕಳ ಅಚ್ಚುಮೆಚ್ಚಿನ ತ್ರೋಬಾಲ್ ಕೂಡ 1940ರ ದಶಕದಲ್ಲಿ ಮದರಾಸಿನ ವೈಎಂಸಿಎ ಮೂಲಕವೇ ಬಳಕೆಗೆ ಬಂತೆನ್ನಲಾಗುತ್ತದೆ.

ಮದರಾಸಿನ ಹೆಸರು ಬಂದಾಗ ಹ್ಯಾರಿ ಕ್ರೋ ಬಕ್ ಅವರನ್ನು ನೆನೆಯದಿರಲಾಗದು. ಅಮೆರಿಕದಿಂದ ಬಂದ ಈ ವೈಎಂಸಿಎ ಕಾರ್ಯಕರ್ತ 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣದ ಕಾಲೇಜು ಆರಂಭಿಸಿದರು. ದಕ್ಷಿಣ ಭಾರತದ ಶಾಲೆಗಳಲ್ಲಿ ಸೀಟಿ ಊದಿ ಮಕ್ಕಳನ್ನು ಸಾಲು ನಿಲ್ಲಿಸಿದ ಎಷ್ಟೋ ಡ್ರಿಲ್ ಮಾಸ್ಟ್ರುಗಳು ಕಲಿತದ್ದು ಅಲ್ಲಿಯೇ. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದ ಅಥ್ಲೆಟಿಕ್ ತಂಡ ಹೊರಟಾಗ ಅದರ ಹೊಣೆ ಹೊತ್ತವರಲ್ಲಿ ಬಕ್ ಪ್ರಮುಖರು. 1927ರಲ್ಲಿ ಭಾರತ ಒಲಿಂಪಿಕ್ ಸಂಸ್ಥೆ ರೂಪುಗೊಂಡಾಗ ಅದರ ಕಾರ್ಯದರ್ಶಿಯಾದ ಎ.ಜಿ. ನೊಹ್ರೆನ್ ಕೂಡ ವೈಎಂಸಿಎಯವರೇ.

ಓಡದ ರವಿವಾರ

ಬಕ್ ಅವರ ಹುಡುಗರು ಓಡಿದ ಅದೇ ಪ್ಯಾರಿಸ್‌ನಲ್ಲಿ ಇನ್ನೊಬ್ಬ ಯುವಕ ಓಡದೆ ಹೆಸರಾದ. ಆತ ಎರಿಕ್ ಲಿಡೆಲ್. ಚೀನದಲ್ಲಿ ಸ್ಕಾಟ್ಲೆಂಡಿನ ಮಿಷನರಿ ದಂಪತಿಗೆ 1902ರಲ್ಲಿ ಹುಟ್ಟಿದವ. 100 ಮೀಟರ್ ಓಟದಲ್ಲಿ ಬ್ರಿಟನ್ನಿನ ದೊಡ್ಡ ಆಸೆ. ಆದರೆ ಆ ಓಟದ ಪ್ರಾಥಮಿಕ ಸುತ್ತು ರವಿವಾರಕ್ಕೆ ನಿಗದಿಯಾಗಿತ್ತು. ರವಿವಾರ ದೇವರ ದಿನ, ಅಂದು ಸ್ಪರ್ಧಿಸುವುದಿಲ್ಲ ಎಂದು ಲಿಡೆಲ್ ಹೇಳಿಬಿಟ್ಟ. ಪತ್ರಿಕೆಗಳು ಕೆಂಡ ಕಾರಿದವು. ದೇಶದ್ರೋಹಿ ಎಂಬ ಅರ್ಥದ ಮಾತೂ ಬಂತು.

ಈ ಕಥೆಯನ್ನಾಧರಿಸಿದ 1981ರ 'ಚಾರಿಯಟ್ಸ್ ಆಫ್ ಫೈರ್' ಚಿತ್ರದಲ್ಲಿ ಹಡಗು ಹತ್ತುವ ಹೊತ್ತಿಗೆ ಆತನಿಗೆ ಸುದ್ದಿ ತಿಳಿಯುತ್ತದೆ. ನಿಜದಲ್ಲಿ ಆತನಿಗೆ ತಿಂಗಳುಗಳ ಮೊದಲೇ ಗೊತ್ತಿತ್ತು. ಹಾಗಾಗಿ ಆತ ಕೈಕಟ್ಟಿ ಕೂರಲಿಲ್ಲ. ತರಬೇತುದಾರ ಟಾಮ್ ಮೆಕ್‌ಕರ್ಚರ್ ಜತೆ 200 ಮತ್ತು 400 ಮೀಟರ್ ಓಟಕ್ಕೆ ಹೊಸದಾಗಿ ತಯಾರಾದ. ಕೋಚ್ ಆದವನು ಇಲ್ಲಿ ಶಿಷ್ಯನ ಮನಸ್ಸು ಮುರಿಯಲಿಲ್ಲ, ಹೊಸ ದಾರಿಗೆ ಅವನನ್ನು ಸಜ್ಜುಗೊಳಿಸಿದ. 1924ರ ಜುಲೈ 11ರಂದು 400 ಮೀಟರ್ ಓಟವನ್ನು 47.6 ಸೆಕೆಂಡಿನಲ್ಲಿ ಮುಗಿಸಿದ ಲಿಡೆಲ್‌ಗೆ ಚಿನ್ನ ಬಂತು. 200 ಮೀಟರ್‌ನಲ್ಲಿ ಕಂಚು. ಆತ ಬಿಟ್ಟ 100 ಮೀಟರ್ ಓಟವನ್ನು ಗೆದ್ದವರು ಅದೇ ತಂಡದ ಯೆಹೂದಿ ಓಟಗಾರ ಹೆರಾಲ್ಡ್ ಅಬ್ರಹಾಮ್ಸ್.

ಚಲನಚಿತ್ರ ಅಲ್ಲಿಗೆ ಮುಗಿಯುತ್ತದೆ. ಬದುಕು ಮುಗಿಯಲಿಲ್ಲ. ಮರುವರ್ಷವೇ ಲಿಡೆಲ್ ಕೀರ್ತಿಯನ್ನು ಬಿಟ್ಟು ಚೀನದ ತಿಯಾಂಜಿನ್‌ನಲ್ಲಿ ಶಾಲಾ ಮೇಷ್ಟ್ರಾಗಿ ಸೇರಿಕೊಂಡ. ಯುದ್ಧ ಹತ್ತಿರವಾದಾಗ ಗರ್ಭಿಣಿ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳನ್ನು ಕೆನಡಾಕ್ಕೆ ಕಳುಹಿಸಿದ. 1943ರಲ್ಲಿ ಜಪಾನೀಯರು ಆತನನ್ನು ವೈಸಿಯೆನ್ ಬಂಧನ ಶಿಬಿರಕ್ಕೆ ಹಾಕಿದರು. ತಂದೆ ತಾಯಿಯರಿಂದ ದೂರವಾದ ಎಷ್ಟೋ ಮಕ್ಕಳು ಅಲ್ಲಿದ್ದರು. ಲಿಡೆಲ್ ಅವರಿಗೆ ವಿಜ್ಞಾನ ಕಲಿಸಿದ, ಆಟ ಆಡಿಸಿದ, ಹರಿದ ಹಾಕಿ ಸ್ಟಿಕ್ಕುಗಳಿಗೆ ಪಟ್ಟಿ ಸುತ್ತಿಕೊಟ್ಟ.

ರವಿವಾರ ಮಾತ್ರ ಆಟ ಇಲ್ಲ ಎಂಬ ಹಳೆಯ ನಿಯಮ ಅಲ್ಲೂ ಇತ್ತು. ಒಂದು ರವಿವಾರ ಬೇಸತ್ತ ಹುಡುಗರು ತಾವೇ ಹಾಕಿ ಆಡಹೊರಟು, ತೀರ್ಪುಗಾರನಿಲ್ಲದೆ ಪಂದ್ಯ ಹೊಡೆದಾಟದಲ್ಲಿ ಮುಗಿಯಿತು. ಮುಂದಿನ ರವಿವಾರ ಮೈದಾನಕ್ಕೆ ಬಂದು ಸೀಟಿ ಹಿಡಿದು ನಿಂತವನು ಸ್ವತಃ ಎರಿಕ್ ಲಿಡೆಲ್ ಎಂದು ಆ ಶಿಬಿರದಲ್ಲಿದ್ದವರು ನೆನೆದಿದ್ದಾರೆ.

ಒಲಿಂಪಿಕ್ ಚಿನ್ನಕ್ಕಾಗಿ ರವಿವಾರವನ್ನು ಬಿಟ್ಟುಕೊಡದವನು, ತಬ್ಬಲಿಗಳಂತಾದ ನಾಲ್ಕು ಹುಡುಗರು ಕಚ್ಚಾಡದಿರಲೆಂದು ಅದನ್ನು ಬಿಟ್ಟುಕೊಟ್ಟ. ತನ್ನ ಲಾಭದ ಪ್ರಶ್ನೆ ಬಂದಾಗ ನಿಯಮ ದೊಡ್ಡದು, ಮಕ್ಕಳ ಒಳಿತಿನ ಪ್ರಶ್ನೆ ಬಂದಾಗ ಮಕ್ಕಳು ದೊಡ್ಡವರು. ನಂಬಿಕೆಯುಳ್ಳ ತರಬೇತುದಾರನೆಂದರೆ ಯಾರು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗಲಾರದು. 1945ರ ಫೆಬ್ರವರಿ 21ರಂದು, ಬಿಡುಗಡೆಗೆ ಕೆಲವೇ ತಿಂಗಳಿರುವಾಗ, ಮೆದುಳಿನ ಗಡ್ಡೆಯಿಂದ ಆತ ಅದೇ ಶಿಬಿರದಲ್ಲಿ ತೀರಿಕೊಂಡ. ವಯಸ್ಸು 43. ಮೂರನೆಯ ಮಗಳ ಮುಖವನ್ನು ಆತ ನೋಡಲೇ ಇಲ್ಲ.

ನಮ್ಮೂರಿನ ರವಿವಾರ

ಲಿಡೆಲ್‌ನ ಇಕ್ಕಟ್ಟು ದೂರದ ಕಥೆಯೇನಲ್ಲ. ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಇಂದಿಗೂ ಅದು ವಾರಕ್ಕೊಮ್ಮೆ ತಲೆಹಾಕುತ್ತದೆ. ರವಿವಾರ ಬೆಳಗ್ಗೆ ಇಗರ್ಜಿಯಲ್ಲಿ ಬಲಿಪೂಜೆ, ಅದಕ್ಕೆ ಹೊಂದಿಕೊಂಡು ಮಕ್ಕಳಿಗೆ ಧರ್ಮಶಿಕ್ಷಣದ ತರಗತಿ. ಸಿಎಸ್‌ಐ ಸಭೆಗಳಲ್ಲಿ ಆರಾಧನೆ, ಸಂಡೇ ಸ್ಕೂಲು. ಶಾಲೆಗೆ ರಜೆಯಿರುವುದೂ ಅಂದೇ. ಹಾಗಾಗಿ ಪಂದ್ಯಾಟಗಳು, ಆಯ್ಕೆ ಶಿಬಿರಗಳು, ಈಜು, ಬ್ಯಾಡ್ಮಿಂಟನ್ ತರಬೇತಿಗಳೂ ರವಿವಾರಕ್ಕೇ ಬಂದು ಬೀಳುತ್ತವೆ. ಅತ್ತ ಗಂಟೆ, ಇತ್ತ ಸೀಟಿ. ನಡುವೆ ಶೂ ಲೇಸು ಕಟ್ಟುತ್ತಾ ಕೂತ ಮಗು.

ಎಷ್ಟೋ ಮನೆಗಳು ಇದಕ್ಕೆ ತಮ್ಮದೇ ದಾರಿ ಕಂಡುಕೊಂಡಿವೆ. ಶನಿವಾರ ಸಂಜೆಯ ಪೂಜೆ ಕೆಲವರಿಗೆ ಅನುಕೂಲ, ಮುಂಜಾನೆಯ ಮೊದಲ ಪೂಜೆ ಇನ್ನು ಕೆಲವರಿಗೆ. ಇಗರ್ಜಿಗಳ ಯುವಜನ ಸಂಘಟನೆಗಳೇ ವಾಲಿಬಾಲ್, ತ್ರೋಬಾಲ್, ಹಗ್ಗಜಗ್ಗಾಟಗಳನ್ನು ಏರ್ಪಡಿಸುವುದೂ ಉಂಟು. ಅಲ್ಲಿ ಪೂಜೆಯೂ ತಪ್ಪದು, ಆಟವೂ ತಪ್ಪದು.

ಸ್ವಾರಸ್ಯದ ವಿಷಯವೆಂದರೆ, ವಾರದಲ್ಲೊಂದು ದಿನ ಬಿಡುವಿರಲಿ ಎಂಬ ಹಳೆಯ ಕಟ್ಟಳೆಗೆ ಇಂದು ವೈದ್ಯಶಾಸ್ತ್ರವೂ ಮುದ್ರೆ ಒತ್ತಿದೆ. ಎಳೆಯ ಕ್ರೀಡಾಳುಗಳಿಗೆ ವಾರಕ್ಕೆ ಒಂದೆರಡು ದಿನ ಸ್ಪರ್ಧೆ ಮತ್ತು ತರಬೇತಿಯಿಂದ ವಿರಾಮ ಬೇಕು, ಒಂದೇ ಆಟದಿಂದ ವರ್ಷಕ್ಕೆ ಎರಡು ಮೂರು ತಿಂಗಳು ದೂರವಿರಬೇಕು ಎಂಬುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. ಬೆಳೆಯುವ ವಯಸ್ಸಿನಲ್ಲಿ ಎಲುಬಿನ ತುದಿಗಳು ಇನ್ನೂ ಮೃದುವಾಗಿರುತ್ತವೆ. ಒಂದೇ ಬಗೆಯ ಶ್ರಮ ಪ್ರತಿದಿನ ಬಿದ್ದರೆ ಮೊಣಕಾಲು, ಭುಜ, ಹಿಮ್ಮಡಿ ಸೋಲುತ್ತವೆ. ಅದಕ್ಕಿಂತ ಮೊದಲೇ ಮನಸ್ಸು ಸೋಲುತ್ತದೆ. ನಂಬುವವರಿಗೆ ಅದು ದೇವರ ದಿನ, ನಂಬದವರಿಗೆ ದೇಹದ ದಿನ. ಮಗುವಿಗಂತೂ ಎರಡೂ ಒಂದೇ!

ಕೋಚ್ ಎಂಬ ಗುರು

ಹದಿಹರೆಯದ ಮಗು ಅಪ್ಪ ಅಮ್ಮನ ಮಾತು ಕೇಳದಿರಬಹುದು, ಕೋಚ್ ಮಾತು ಕೇಳುತ್ತದೆ. ಈ ಸತ್ಯವನ್ನು ಅರಿತೇ 1954ರಲ್ಲಿ ಅಮೆರಿಕದ ಡಾನ್ ಮೆಕ್‌ಕ್ಲಾನೆನ್ ಎಂಬ ಬಾಸ್ಕೆಟ್‌ಬಾಲ್ ಕೋಚ್ ಕ್ರೈಸ್ತ ಕ್ರೀಡಾಳುಗಳ ಸಂಘಟನೆಯೊಂದನ್ನು ಕಟ್ಟಿದರು. ಕ್ರೀಡಾತಾರೆಯರು ಶೇವಿಂಗ್ ಕ್ರೀಮಿಗೆ, ಸಿಗರೇಟಿಗೆ ಜಾಹೀರಾತು ಕೊಡುವುದಾದರೆ ಒಳ್ಳೆಯ ಬದುಕಿಗೆ ಏಕೆ ಕೊಡಬಾರದು ಎಂಬುದು ಅವರ ಪ್ರಶ್ನೆಯಾಗಿತ್ತು. ಕೆಥೋಲಿಕ ಧರ್ಮಸಭೆಯೂ ಕ್ರೀಡೆಯ ಕುರಿತು 2018ರ ಜೂನ್ 1ರಂದು ಪ್ರತ್ಯೇಕ ದಸ್ತಾವೇಜು ಹೊರಡಿಸಿತು. ನಿನ್ನ ಅತ್ಯುತ್ತಮವಾದುದನ್ನು ಕೊಡು ಎಂಬುದು ಅದರ ಶೀರ್ಷಿಕೆಯ ಅರ್ಥ. ಉದ್ದೀಪನ ಮದ್ದು, ಭ್ರಷ್ಟಾಚಾರ, ಮಕ್ಕಳನ್ನು ಹಿರಿಯರ ಹೆಬ್ಬಯಕೆಯ ಸಾಧನವಾಗಿಸುವುದು ಇವೆಲ್ಲದರ ಬಗೆಗೆ ಅದು ಎಚ್ಚರಿಸಿದೆ.

ಹಾಗೆಂದು ಕೋಚ್ ಆದವರು ಮೈದಾನವನ್ನೇ ಧರ್ಮಪೀಠ ಮಾಡಿಕೊಳ್ಳಬೇಕೆಂದಲ್ಲ. ಮಂಗಳೂರಿನ ಯಾವ ತಂಡವನ್ನು ನೋಡಿದರೂ ಅಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ, ಜೈನ ಮಕ್ಕಳು ಬೆರೆತೇ ಇರುತ್ತಾರೆ. ಒಬ್ಬ ಶಿಲುಬೆಯ ಗುರುತು ಹಾಕಿಕೊಂಡು ಇಳಿದರೆ, ಇನ್ನೊಬ್ಬ ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾನೆ. ಮತ್ತೊಬ್ಬ ಅಂಗೈ ಬಿಡಿಸಿ ಬೇಡಿಕೊಳ್ಳುತ್ತಾನೆ. ಕಂಬಳದ ಗದ್ದೆಗೆ ಇಳಿಯುವ ಮೊದಲು ದೈವಕ್ಕೆ ಕೈಮುಗಿಯುವ ನಾಡಿದು. ಇಲ್ಲಿ ಪ್ರಾರ್ಥನೆ ಹೊಸದಲ್ಲ, ಇನ್ನೊಬ್ಬನ ಪ್ರಾರ್ಥನೆಗೆ ಜಾಗ ಬಿಡುವುದೂ ಹೊಸದಲ್ಲ. ತಂಡದಲ್ಲಿ ಯಾರಿರಬೇಕು, ಯಾರನ್ನು ಕೈಬಿಡಬೇಕು ಎಂಬುದು ಕೋಚ್ ಕೈಯಲ್ಲಿರುವಾಗ, ತನ್ನ ನಂಬಿಕೆಯನ್ನು ಶಿಷ್ಯರ ಮೇಲೆ ಹೇರದಿರುವುದು ಕೋಚ್ ತೋರಬೇಕಾದ ಮೊದಲ ಪ್ರಾಮಾಣಿಕತೆ. ನೈಸ್ಮಿತ್ ಮಾಡಿದ್ದೂ ಅದನ್ನೇ. ಆತ ಹೇಳಲಿಲ್ಲ, ಇದ್ದ.

ಜೆಮಿಮಾ ಬಹಿರಂಗವಾಗಿ ಯೇಸುವಿನ ಹೆಸರೆತ್ತಿದ್ದು ಎಲ್ಲರಿಗೂ ಹಿಡಿಸಲಿಲ್ಲ ಎಂಬುದೂ ನಿಜ. ಸಾಮಾಜಿಕ ಜಾಲತಾಣಗಳಲ್ಲಿ ಟೀಕೆಗಳೂ ಬಂದವು. ಆದರೆ ಆಕೆ ಹೇಳಿದ್ದು ತನ್ನ ಕಥೆಯನ್ನು. ತನ್ನ ಕೈಹಿಡಿದವರ ಹೆಸರನ್ನು ಹೇಳುವ ಹಕ್ಕು ಎಲ್ಲ ಕ್ರೀಡಾಳುಗಳಿಗೂ ಇದೆ, ಆ ಹೆಸರು ಯಾವುದೇ ಇರಲಿ.

ಆಕೆಯ ಮೊದಲ ಕೋಚ್ ಯಾರೆಂಬುದೂ ಇಲ್ಲಿ ನೆನೆಯತಕ್ಕದ್ದು. ತಂದೆ ಐವನ್ ರೋಡ್ರಿಗಸ್ ಮಗಳ ಶಾಲೆಯಲ್ಲೇ ಕಿರಿಯರ ತರಬೇತುದಾರರಾಗಿದ್ದರು. ಅಲ್ಲಿ ಹುಡುಗಿಯರ ಕ್ರಿಕೆಟ್ ತಂಡ ಇರಲಿಲ್ಲ. ಅವರೇ ಅದನ್ನು ಕಟ್ಟಿದರು. ಮಕ್ಕಳ ಆಟಕ್ಕೆ ಒಳ್ಳೆಯ ಸೌಕರ್ಯ ಸಿಗಲೆಂದು ಕುಟುಂಬ ಭಾಂಡೂಪ್‌ನಿಂದ ಬಾಂದ್ರಾಕ್ಕೆ ಮನೆ ಬದಲಾಯಿಸಿತು. ಹುಡುಗಿ ಹಾಕಿಯಲ್ಲೂ ಮಹಾರಾಷ್ಟ್ರದ ಕಿರಿಯರ ತಂಡಕ್ಕೆ ಆಡಿದಳು. 2017ರಲ್ಲಿ 19 ವರ್ಷದೊಳಗಿನವರ ಪಂದ್ಯದಲ್ಲಿ ಸೌರಾಷ್ಟ್ರದ ವಿರುದ್ಧ 163 ಎಸೆತಗಳಲ್ಲಿ ಅಜೇಯ 202 ರನ್ ಬಾರಿಸಿದಳು. ಮರುವರ್ಷವೇ ಭಾರತ ತಂಡದ ಬಾಗಿಲು ತೆರೆಯಿತು.

ಹೆತ್ತವರಿಗೊಂದು ಮಾತು

'ಪಿಯುಸಿಗೆ ಬಂದಾಯಿತು, ಇನ್ನು ಆಟ ಸಾಕು.' ಫಲಿತಾಂಶದ ಪಟ್ಟಿಯಲ್ಲಿ ಸದಾ ಮುಂದಿರುವ ಈ ಜಿಲ್ಲೆಯಲ್ಲಿ ಈ ಮಾತು ಕೇಳದ ಕ್ರೀಡಾಳು ಅಪರೂಪ. ಇದರ ತದ್ವಿರುದ್ಧ ತುದಿಯಲ್ಲಿ ಇನ್ನು ಕೆಲವು ಹೆತ್ತವರಿದ್ದಾರೆ. ಮಗು ಎರಡನೇ ಸ್ಥಾನ ಪಡೆದರೆ ಮನೆಯಲ್ಲಿ ಸೂತಕದ ಕಳೆ. ಮೇಲ್ನೋಟಕ್ಕೆ ಇವರಿಬ್ಬರು ಬೇರೆ ಬೇರೆ. ಆದರೆ ಇಬ್ಬರೂ ನೋಡುವುದು ಅಂಕವನ್ನೇ, ಮಗುವನ್ನಲ್ಲ.

ಸೆಮಿಫೈನಲ್ ಗೆದ್ದ ರಾತ್ರಿ ಪತ್ರಕರ್ತರೆದುರು ಜೆಮಿಮಾ ಹೇಳಿದ ವಿಷಯಗಳನ್ನು ಹೆತ್ತವರು ಮನಸ್ಸಿಟ್ಟು ಕೇಳಬೇಕು. ಪಂದ್ಯಗಳ ಮುಂಚೆ ತಾಯಿಗೆ ಫೋನು ಮಾಡಿ ಬಹಳ ಹೊತ್ತು ಅಳುತ್ತಿದ್ದೆ, ಎಲ್ಲವನ್ನೂ ಹೊರಹಾಕುತ್ತಿದ್ದೆ ಎಂದರು. ಜತೆಗಾತಿ ಅರುಂಧತಿ ರೆಡ್ಡಿಯ ಮುಂದೆ ಅತ್ತದ್ದನ್ನೂ, ಸ್ಮೃತಿ ಮಂಧಾನ ಮತ್ತು ರಾಧಾ ಯಾದವ್ ಜತೆ ನಿಂತದ್ದನ್ನೂ ನೆನೆದರು. ಇದನ್ನೆಲ್ಲ ಹೇಳುವುದು ಇದೇ ಕಷ್ಟದಲ್ಲಿರುವ ಇನ್ನೊಬ್ಬರಿಗೆ ನೆರವಾಗಲೆಂದು, ಸಹಾಯ ಕೇಳುವುದರಲ್ಲಿ ತಪ್ಪಿಲ್ಲ ಎಂದೂ ಸೇರಿಸಿದರು.

ಅಂದರೆ ಪ್ರಾರ್ಥನೆ ಆಕೆಯನ್ನು ಒಂಟಿಯಾಗಿಸಲಿಲ್ಲ, ಜನರ ಬಳಿಗೆ ಕಳಿಸಿತು. 'ದೇವರಲ್ಲಿ ನಂಬಿಕೆ ಇದ್ದರೆ ಆತಂಕ ಏಕೆ?' ಎಂದು ಮಗುವಿನ ಬಾಯಿ ಮುಚ್ಚಿಸುವ ಹೆತ್ತವರು, ಪಾದ್ರಿಗಳು, ಕೋಚ್‌ಗಳು ಈ ಸಂಗತಿಯನ್ನು ಮರೆಯಬಾರದು. ನಂಬಿಕೆ ಇರುವ ಮಗುವಿಗೂ ಜ್ವರ ಬರುತ್ತದೆ, ಮನಸ್ಸಿಗೂ ಬರುತ್ತದೆ. ಮೊದಲನೆಯದಕ್ಕೆ ವೈದ್ಯರ ಬಳಿ ಹೋಗುವಂತೆ ಎರಡನೆಯದಕ್ಕೂ ಹೋಗಬೇಕು. ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ 'ಟೆಲಿ ಮಾನಸ್' ಉಚಿತ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಕನ್ನಡದಲ್ಲಿಯೂ ಅಲ್ಲಿ ಮಾತಾಡಬಹುದು.

ಮನೆಯಲ್ಲಿ ಮಾಡಬಹುದಾದದ್ದು ಇನ್ನೂ ಸರಳ. ಪಂದ್ಯ ಮುಗಿಸಿ ಬಂದ ಮಗುವಿಗೆ ಮೊದಲು ಕೇಳುವ ಪ್ರಶ್ನೆ 'ಗೆದ್ದೆಯಾ?' ಎಂದಾಗದೆ 'ಊಟ ಮಾಡಿದೆಯಾ?' ಎಂದಾಗಲಿ. ತಂಡದಿಂದ ಕೈಬಿಟ್ಟ ದಿನ ಕೋಚ್‌ಗೆ ಬಯ್ಯುವ ಬದಲು, ಏನು ಸುಧಾರಿಸಬೇಕೆಂದು ಮಗುವೇ ಹೋಗಿ ಕೇಳಲಿ. ಪುಡಿ, ಗುಳಿಗೆ, ಇಂಜೆಕ್ಷನ್ ಯಾವುದೇ ಇರಲಿ, ಬಲ ಬರುತ್ತದೆಂದು ಯಾರಾದರೂ ಕೊಟ್ಟರೆ ವೈದ್ಯರಿಗೆ ತೋರಿಸದೆ ಮುಟ್ಟದಿರಲಿ. ಪರೀಕ್ಷೆಯ ವರ್ಷ ಆಟವನ್ನು ಪೂರ್ತಿ ನಿಲ್ಲಿಸುವ ಬದಲು ದಿನಕ್ಕೊಂದು ಗಂಟೆಯಾದರೂ ಉಳಿಯಲಿ, ಬೆವರಿದ ಮೈಗೆ ಓದೂ ಹತ್ತುತ್ತದೆ, ನಿದ್ದೆಯೂ ಬರುತ್ತದೆ. ಸಂಜೆಯ ತೇರ್ಸಾದಲ್ಲಿ ಗೆಲುವಿಗಾಗಿ ಬೇಡುವ ಮನೆಯವರು ಎದುರು ತಂಡದ ಮಕ್ಕಳಿಗೂ ಗಾಯವಾಗದಿರಲಿ ಎಂದು ಒಂದು ಮಾತು ಸೇರಿಸಿದರೆ, ಕ್ರೀಡಾಮನೋಭಾವದ ಪಾಠಕ್ಕೆ ಬೇರೆ ತರಗತಿ ಬೇಕಾಗದು.

ಗಂಟೆ ಮತ್ತು ಸೀಟಿ

2025ರ ನವೆಂಬರ್ 2ರಂದು ಫೈನಲ್ ನಡೆಯಿತು. ಭಾರತ ದಕ್ಷಿಣ ಆಫ್ರಿಕಾವನ್ನು 52 ರನ್ನುಗಳಿಂದ ಸೋಲಿಸಿ ಮೊದಲ ಬಾರಿಗೆ ವಿಶ್ವಕಪ್ ಗೆದ್ದಿತು. ಅಂದು ಜೆಮಿಮಾ ಗಳಿಸಿದ್ದು 24 ರನ್. ಮೂರು ದಿನದ ಹಿಂದಿನ ಪವಾಡ ಮರುಕಳಿಸಲಿಲ್ಲ. ಅದೇ ಹುಡುಗಿ, ಅದೇ ಮೈದಾನ, ಅದೇ ಮೊರೆ. ಒಂದು ದಿನ 127, ಇನ್ನೊಂದು ದಿನ 24. ನಂಬಿಕೆಯೆಂದರೆ ರನ್ ಕೊಡುವ ಯಂತ್ರವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೂ ಕಪ್ಪು ಎತ್ತುವಾಗ ಆಕೆಯ ನಗುವಿನಲ್ಲಿ ಕೊರತೆಯೇನೂ ಕಾಣಲಿಲ್ಲ.

ಮುಂದಿನ ರವಿವಾರ ಮಂಗಳೂರಿನ ಯಾವುದೋ ಇಗರ್ಜಿಯ ಗಂಟೆ ಎಂದಿನಂತೆ ಬಾರಿಸುತ್ತದೆ. ನೆಹರೂ ಮೈದಾನದಲ್ಲೋ ಮಂಗಳಾ ಕ್ರೀಡಾಂಗಣದಲ್ಲೋ ಸೀಟಿಯೂ ಊದುತ್ತದೆ. ಪೂಜೆ ಮುಗಿಸಿ, ಬಿಳಿ ಅಂಗಿಯನ್ನು ಚೀಲಕ್ಕೆ ತುರುಕಿ, ಜೆರ್ಸಿ ತೊಟ್ಟು ಓಡಿಬರುವ ಮಗು ಅಂಗಳದ ಗೆರೆಯ ಬಳಿ ಒಂದು ಕ್ಷಣ ಕಣ್ಣುಮುಚ್ಚಿ ನಿಲ್ಲುತ್ತದೆ. ಏನು ಬೇಡಿಕೊಂಡೆ ಎಂದು ಅದನ್ನು ಕೇಳುವುದು ಬೇಡ. ಆಡಿ ಬಂದ ಮೇಲೆ, ಗೆದ್ದಿರಲಿ ಸೋತಿರಲಿ, ಗೆರೆಯ ಈಚೆ ಯಾರಾದರೊಬ್ಬರು ನೀರಿನ ಬಾಟಲಿ ಹಿಡಿದು ಕಾಯುತ್ತಿದ್ದರೆ, ಅರ್ಧ ಪ್ರಾರ್ಥನೆ ಅಲ್ಲಿಯೇ ಫಲಿಸಿದಂತೆ.